ಹುಣ್ಣಿಮೆಯ ನೀರು, ಅಮಾವಾಸ್ಯೆಯ ನೀರು

ಬನದ ಹುಣ್ಣಿಮೆಯ ಶುಕ್ರವಾರ ಬರುತ್ತೇನೆಂದು ಹೇಳಿ ಹೋಗಿದ್ದ ಶೌಕತ ಬಂದದ್ದು ರವಿವಾರ ಮಧ್ಯಾಹ್ನ. ರಹೀಮುನ್ನಿಸಾ ಬಾಗಿಲಿನ ಬೆಳಕಿಗೆ ಹೊಲಿಗೆ ಯಂತ್ರ ಎಳೆದುಕೊಂಡು, ಬಂಗೂರನಗರದ ಟೀಚರೊಬ್ಬರ ಕುಪ್ಪಸಕ್ಕೆ ತೋಳು ಕೂಡಿಸುತ್ತಿದ್ದಳು. ಓಣಿಯ ತುದಿಯಲ್ಲೇ ಗಂಡನ ಚಪ್ಪಲಿಯ ಸದ್ದು ಗುರುತು ಸಿಕ್ಕಿತು. ಆದರೂ ತಲೆ ಎತ್ತಲಿಲ್ಲ. ಎರಡು ದಿನ ಕೂಡಿಟ್ಟ ಸಿಟ್ಟನ್ನು ಒಂದು ನೋಟಕ್ಕೆ ಬಿಟ್ಟುಕೊಡುವ ಮನಸ್ಸು ಅವಳಿಗಿರಲಿಲ್ಲ.

“ನೀರು ಬಿಡಲಿಲ್ಲ,” ಎಂದ ಶೌಕತ, ಚೀಲ ಕೆಳಗಿಡುವ ಮೊದಲೇ.

ಯಾಕೆ ತಡವಾಯಿತೆಂದು ಅವಳು ಇನ್ನೂ ಕೇಳಿರಲಿಲ್ಲ. ಕೇಳುವ ಮೊದಲೇ ಬಂದ ಉತ್ತರ ಅವಳಿಗೆ ಒಪ್ಪಿಗೆಯಾಗಲಿಲ್ಲ. ಯಂತ್ರದ ಚಕ್ರಕ್ಕೆ ಕೈ ಒತ್ತಿ ನಿಲ್ಲಿಸಿದಳು.

“ಏನ ನೀರು?”

“ಶುಕ್ರವಾರ ಮುಂಜಾನೆ ಲಾಂಚು ಅಳಿವಿ ಬಾಯಿಗಿ ಬಂದಿತ್ತು. ಹೊಳಿ ನೀರು ಜೋರಲೆ ಸಮುದ್ರಕ್ಕ ನುಗ್ಗಾಕತ್ತಿತ್ತು. ಆವಾಗ ಒಳಗ ಬರಾಕ ಆಗೂದಿಲ್ಲ, ತೆರಿ ಎದ್ದ ನಿಲ್ತಾವ. ನೀರು ತಿರಗಿ ಒಳಗ ಹರಿಯೂತನ ಹೊರಗ ನಿಂತ್ವಿ. ಬಸ್ ತಪ್ಪಿತು.”

“ಶನಿವಾರ?”

“ಶನಿವಾರ ಇಂಜಿನ್ ಕೆಲಸ ಬಂತು.”

“ಹೊಳಿ ನೀರು ತಿರಗಿ ಒಳಗ ಹರೀತೈತಿ?”

“ಹೂಂ.”

“ಯಾವ ಹೊಳಿ?”

“ಕಾಳಿ ಹೊಳಿನ. ಮತ್ತ ಯಾವ ಹೊಳಿ?”

ಅವಳು ಚಕ್ರ ತಿರುಗಿಸಿ ತೋಳಿನ ಹೊಲಿಗೆಗೆ ಮರಳಿದಳು. ಹುಟ್ಟಿದ್ದು ದಾಂಡೇಲಿಯಲ್ಲಿ, ಲಗ್ನವಾಗಿ ಬಂದದ್ದು ಅದೇ ಊರಿನ ಇನ್ನೊಂದು ಓಣಿಗೆ. ಬುದ್ಧಿ ಬಂದಾಗಿನಿಂದ ಕಾಳಿಯ ದಂಡೆಯಲ್ಲಿ ಬಟ್ಟೆ ಒಗೆದಿದ್ದಾಳೆ. ಮಳೆಗಾಲದಲ್ಲಿ ಮರದ ದಿಮ್ಮಿಗಳನ್ನು ಹೊತ್ತುಕೊಂಡು ಓಡುವ ಹೊಳೆ, ಬೇಸಿಗೆಯಲ್ಲಿ ಬಂಡೆಗಳ ನಡುವೆ ದಾರಿ ಹುಡುಕುವ ಹೊಳೆ. ಏನೇ ಆದರೂ ಅದು ಹೋಗುವುದು ಒಂದೇ ಕಡೆ. ಹೊಳೆ ತಿರುಗಿ ಬರುತ್ತದೆಂದು ಮಗುವಿಗೆ ಹೇಳಿದರೂ ಅದು ನಂಬುವುದಿಲ್ಲ.

ಶೌಕತ ಮೊದಲು ಲಾರಿಗಳ ಮೆಕ್ಯಾನಿಕ್ ಆಗಿದ್ದ. ಎರಡು ವರ್ಷದ ಹಿಂದೆ ಕಾರವಾರದ ಸಾವುಕಾರನೊಬ್ಬನ ಮೀನು ಹಿಡಿಯುವ ಲಾಂಚಿನ ಇಂಜಿನ್ ಕೆಟ್ಟಾಗ ರಿಪೇರಿಗೆ ಹೋದವನು, ಅದರ ಇಂಜಿನ್ ಡ್ರೈವರನಾಗಿ ಅಲ್ಲೇ ಉಳಿದ. ಕಾಳಿ ಸಮುದ್ರ ಸೇರುವ ಕೋಡಿಬಾಗದಲ್ಲಿ ಲಾಂಚು ನಿಲ್ಲುತ್ತಿತ್ತು. ಹದಿನೈದು ದಿನಕ್ಕೊಮ್ಮೆ ಅಣಶಿ ಘಾಟಿನ ಬಸ್ಸು ಹತ್ತಿ ಬರುತ್ತಿದ್ದ. ಆ ಎರಡು ವರ್ಷದಲ್ಲಿ ರಹೀಮುನ್ನಿಸಾ ಸಮುದ್ರವನ್ನು ಕಂಡಿರಲಿಲ್ಲ. ಗಂಡ ಹೇಳಿದ್ದನ್ನು ಹೇಳಿದಷ್ಟೇ ನಂಬಿಕೊಂಡು ಬಂದಿದ್ದಳು.

ಊಟಕ್ಕೆ ಕೂತಾಗ ಅವನ ಕೈ ಕಂಡಿತು. ಇಂಜಿನ್ ಮುಟ್ಟುವವನ ಕೈಯ ಗುರುತುಗಳು ಅವಳಿಗೆ ಗೊತ್ತು: ಉಗುರಿನ ಸಂದಿಯ ಎಣ್ಣೆ, ಅಲ್ಲಲ್ಲಿ ಸುಟ್ಟ ಕಲೆ. ಇದು ಬೇರೆ. ಎರಡೂ ಅಂಗೈಯಲ್ಲಿ ಅಡ್ಡಕ್ಕೆ ಚರ್ಮ ಕಿತ್ತು ಕೆಂಪಾಗಿತ್ತು.

“ಕೈಗೆ ಏನಾತು?”

“ಹಗ್ಗ ಎಳದೆ.”

“ಇಂಜಿನ್ ಕೆಲಸ ಬಂತಂದ್ರಿ.”

ಅವನು ಸಾರಿನಲ್ಲಿ ರೊಟ್ಟಿ ಅದ್ದುತ್ತ, “ಲಾಂಚಿನ ಮ್ಯಾಲ ಎಲ್ಲಾ ಮಾಡಬೇಕಾಕೈತಿ,” ಎಂದ.

ಅತ್ತೆ ಮದೀನಾಬಿ ಗೋಡೆಗೆ ಒರಗಿ ಎಲೆ ಅಡಿಕೆ ಜಜ್ಜುತ್ತಿದ್ದರು. ಮಗನ ಕೈಯನ್ನೂ ಸೊಸೆಯ ಮುಖವನ್ನೂ ಒಂದೊಂದು ಸಲ ನೋಡಿದರು. “ಉಣ್ಣಾಕ ಬಿಡ ಅವಂಗ,” ಎಂದರು. “ಕೋರ್ಟಿನ್ಯಾಗ ನಿಂದ್ರಿಸಿದಂಗ ಕೇಳ್ತೀ.”

ಊಟವಾದ ಮೇಲೆ ಚೀಲ ಖಾಲಿ ಮಾಡುವಾಗ ಇನ್ನೊಂದು ಕೊರತೆ ಕಂಡಿತು. ಪ್ರತಿ ಸಲವೂ ಅದರಲ್ಲಿ ಒಣ ಮೀನಿನ ಒಂದು ಗಂಟು ಇರುತ್ತಿತ್ತು. ಅದು ಇನಾಸನದು. ಇನಾಸ ಹಳಿಯಾಳ ಕಡೆಯ ಸಿದ್ದಿ ಹುಡುಗ, ಅದೇ ಲಾಂಚಿನಲ್ಲಿ ಬಲೆ ಎಳೆಯುವ ಕೆಲಸ. ಊರಲ್ಲಿರುವ ಹೆಂಡತಿ ಮರಿಯಾಳಿಗೆ ಆ ಗಂಟು ಕಳಿಸುತ್ತಿದ್ದ. ಶೌಕತ ಅದನ್ನು ದಾಂಡೇಲಿ ಬಸ್ ಸ್ಟ್ಯಾಂಡಿನಲ್ಲಿ ಹಳಿಯಾಳದ ಬಸ್ಸಿನ ಕಂಡಕ್ಟರನ ಕೈಗೆ ಕೊಡುತ್ತಿದ್ದ. ಹೋದ ರಂಜಾನ್ ಹಬ್ಬಕ್ಕೆ ಇನಾಸ ಇವರ ಮನೆಗೇ ಬಂದು ಮೂರು ಬಟ್ಟಲು ಶೀರಖುರ್ಮಾ ಕುಡಿದು, “ಭಾಬಿ, ನಮ್ಮ ಮರಿಯಾಗ ಇದನ್ನ ಕಲಿಸ್ರಿ, ಆಕಿ ಮಾಡಿದ್ದ ಪಾಯಸ ಗೋಡಿಗಿ ಬಳೀಲಿಕ್ಕೆ ಬರ್ತೈತಿ,” ಎಂದು ಎಲ್ಲರನ್ನೂ ನಗಿಸಿ ಹೋಗಿದ್ದ.

“ಇನಾಸನ ಗಂಟು ಎಲ್ಲಿ?”

“ಅವ ಕೆಲಸ ಬಿಟ್ಟ,” ಎಂದ ಶೌಕತ. ಅವನು ಆ ಕಡೆ ಮುಖ ಮಾಡಿ ಮಲಗಿದ್ದ. “ಗೋವಾಕ್ಕ ಹೋದ. ಅಲ್ಲೆ ಚಲೋ ಕೆಲಸ ಸಿಕ್ಕೈತಂತ.”

ಚೀಲದ ತಳದಲ್ಲಿ ಮೇಣಗಪ್ಪಡದಲ್ಲಿ ಸುತ್ತಿದ ಹಾಳೆಗಳು ಇದ್ದವು. ಬಿಚ್ಚಿದಳು. ಒಂದೊಂದು ಹಾಳೆಯ ಮೇಲೂ ಅದೇ ಚಿತ್ರ: ಒಂದು ಕಡೆ ಸಮುದ್ರ, ಒಂದು ಕಡೆ ಗುಡ್ಡ, ನಡುವೆ ಹೊಳೆಯ ಬಾಯಿ. ನೀರಿನ ತುಂಬ ಬಾಣಗಳು. ಕೆಲವು ಹಾಳೆಗಳಲ್ಲಿ ಬಾಣ ಸಮುದ್ರದ ಕಡೆ, ಕೆಲವುಗಳಲ್ಲಿ ನೆಲದ ಕಡೆ. ಕೆಲವು ದಪ್ಪ, ಕೆಲವು ಕೂದಲೆಳೆಯಷ್ಟು ತೆಳು. ಅವುಗಳ ಮೇಲೆ ಯಾರೋ ಪೆನ್ಸಿಲ್ಲಿನಿಂದ ಕತ್ತರಿ ಗುರುತು ಹಾಕಿದ್ದರು. ಗುಡ್ಡದ ಬುಡದಲ್ಲಿ ಒಂದು, ದಂಡೆಯ ಮಡಿಲಲ್ಲಿ ಎರಡು, ಹೊಳೆಯ ಒಳಗೆ ಗಿಡಗಂಟಿ ಇರುವಲ್ಲಿ ಇನ್ನಷ್ಟು.

ರಹೀಮುನ್ನಿಸಾ ಗುರುತುಗಳನ್ನು ಒಂದೊಂದಾಗಿ ಎಣಿಸಿದಳು. ಆ ವರ್ಷಗಳಲ್ಲಿ ಕರಾವಳಿಯಿಂದ ಬರುವ ಫಾರಿನ್ ಮಾಲಿನ ಸುದ್ದಿ ದಾಂಡೇಲಿಯ ಚಹಾದಂಗಡಿಗಳಲ್ಲೂ ಇತ್ತು. ಕೈಗಡಿಯಾರ, ನೈಲಾನ್ ಸೀರೆ, ಬಂಗಾರದ ಬಿಸ್ಕಿಟ್ಟು. ದೊಡ್ಡ ಹಡಗು ದೂರ ನಿಲ್ಲುತ್ತದೆ, ಸಣ್ಣ ಲಾಂಚು ಹೋಗಿ ಇಳಿಸಿಕೊಂಡು ಯಾರೂ ಇಲ್ಲದ ದಂಡೆಗೆ ತರುತ್ತದೆ. ಬಾಣ ಸಮುದ್ರಕ್ಕೆ, ಬಾಣ ದಂಡೆಗೆ. ಕತ್ತರಿ ಗುರುತು ಹಾಕಿದಲ್ಲಿ ಇಳಿಸುವುದು. ಕೈಗೆ ಹಗ್ಗದ ಗಾಯ. ಎರಡು ದಿನ ತಡ.

“ಅದನ್ನ ಮುಟ್ಟಬ್ಯಾಡ,” ಎಂದು ಶೌಕತ ಹಿಂದಿನಿಂದ ಕೈ ಚಾಚಿದ. “ನೀರಿನ ನಕಾಶಿ ಅದು. ಬಂದರದಾಗ ನೀರು ಅಳಿಯಾಕ ಬಂದಿದ್ದವರ ಇಂಜಿನ್ ರಿಪೇರಿ ಮಾಡಿಕೊಟ್ಟಿದ್ದೆ, ಖುಷಿಯಾಗಿ ಒಂದು ಪ್ರತಿ ಕೊಟ್ಟರು. ತೊಯ್ದರ ಹೋತು.”

“ಈ ಗುರುತು ಯಾರು ಹಾಕಿದ್ರು?”

“ನಾನ ಹಾಕೇನಿ.” ಹಾಳೆಗಳನ್ನು ಸುತ್ತುತ್ತ, ಮಾತು ಬದಲಿಸಿ, “ಇನಾಸನ ಜಾಗ ಖಾಲಿ ಐತಿ,” ಎಂದ. “ಮನ್ಸೂರನ್ನ ಹಚ್ಚೂಣು ಅಂತ ಮಾಡೇನಿ. ಎಷ್ಟ ದಿನ ಪಂಕ್ಚರ್ ಹಚ್ಚಿಕೋತ ಕೂಡ್ತಾನ? ಮುಂದಿನ ಸಲ ಬಂದಾಗ ಕರಕೊಂಡ ಹೋಗ್ತೇನಿ. ಸಾವುಕಾರಗ ಹೇಳೇನಿ.”

ಮನ್ಸೂರ ಅವಳ ತಮ್ಮ. ಅಮ್ಮ ತೀರಿದಾಗ ಅವನಿನ್ನೂ ಅಂಗಿಯ ಗುಂಡಿ ಹಾಕಿಕೊಳ್ಳಲು ಬಾರದ ಹುಡುಗ. ಲಗ್ನವಾಗುವಾಗ ಅವನನ್ನು ಬಿಟ್ಟು ಬರುವುದಿಲ್ಲವೆಂದು ಹಟ ಹಿಡಿದು ಜೊತೆಗೇ ಕರೆತಂದಿದ್ದಳು. ಈಗ ಮೀಸೆ ತಿರುವುವ ವಯಸ್ಸು. ಸುದ್ದಿ ಕೇಳಿದ ಕೂಡಲೇ ಕುಣಿದ. “ಆಪಾ, ಇನ್ನ ಮನಿಗಿ ಮೀನು ಫುಕಟ್. ನೀ ಮಸಾಲಿ ಅರೀತಿರು.”

ಅವಳು ನಗಲಿಲ್ಲ.

*

ಮರುದಿನ ಹೊಳೆಯಲ್ಲಿ ಬಟ್ಟೆ ಒಗೆಯುವಾಗ ಮಾತು ತಡೆಯಲಾಗದೆ ಪಕ್ಕದ ಮನೆಯ ಶಿವಗಂಗವ್ವನಿಗೆ ಕೇಳಿದಳು. “ಅಕ್ಕಾ, ಈ ಹೊಳಿ ಎಲ್ಲೆರ ಹಿಂದಕ್ಕ ಹರೀತೈತೇನು?”

ಶಿವಗಂಗವ್ವ ಕೈಯಲ್ಲಿದ್ದ ಧೋತರ ಕಲ್ಲಿನ ಮೇಲೆ ಬಿಟ್ಟು ನೋಡಿದಳು. “ಯಾರ ಹೇಳಿದ್ರ?”

“ನಮ್ಮ ಮನಿಯವರು. ಕಾರವಾರದಾಗ ಹರೀತೈತಂತ.”

“ಹಂಗಂದ್ರ ನಮ್ಮ ಅತ್ತಿ ಬಂದಾಳವಾ ತಿರಗಿ,” ಎಂದಳು ಶಿವಗಂಗವ್ವ. “ಆಕಿ ಬೂದಿ ಇಲ್ಲೇ ಬಿಟ್ಟೇವಿ. ಎಷ್ಟ ಕಷ್ಟಪಟ್ಟ ಕಳಿಸೇವಿ ಮುದುಕಿನ್ನ.”

ಕಲ್ಲುಗಳ ಮೇಲಿದ್ದವರೆಲ್ಲ ನಕ್ಕರು. ಶಿವಗಂಗವ್ವ ಮಾತ್ರ ನಗು ನಿಂತ ಮೇಲೆ ಹತ್ತಿರ ಸರಿದು ದನಿ ತಗ್ಗಿಸಿದಳು. “ಹುಣ್ಣಿಮಿ ದಿನ ನಾ ಹೋಳಿಗಿ ಕೊಡಾಕ ಬಂದಾಗ, ಅವರು ಬರ್ತಾರಂತ ನೀ ಎರಡ ಸಲ ತಲಿ ಬಾಚಿಕೊಂಡಿದ್ದಿ. ಗಂಡಸ್ರು ಹೇಳೂ ಸುಳ್ಳಿಗಿ ಒಂದ ಅಳತಿ ಇರ್ತೈತಿ. ಹೊಳಿನ ತಿರಗಸಾಕ ಹತ್ತಿದ್ರಂದ್ರ ಒಳಗ ಏನೋ ದೊಡ್ಡದ ಐತಿ ತಿಳಿ.”

ಆ ಮಾತು ಅವಳೊಳಗೆ ಇಳಿದು ಕೂತಿತು. ಮುಂದಿನ ದಿನಗಳಲ್ಲಿ ಬಟ್ಟೆ ಕತ್ತರಿಸುವಾಗಲೂ ಅದೇ. ಮಡಿಸಿದ ಬಟ್ಟೆಯಲ್ಲಿ ಕೆಳಗಿನ ಪದರು ಒಂದು ಕೂದಲಷ್ಟು ಜರುಗಿದ್ದರೂ ಮೇಲಿನಿಂದ ಕಾಣುವುದಿಲ್ಲ. ಕತ್ತರಿ ಆಡಿಸಿ ಬಿಡಿಸಿದಾಗಲೇ ಒಂದು ತೋಳು ಉದ್ದ, ಒಂದು ಗಿಡ್ಡ. ಗಂಡನ ಮಾತಿನ ಕೆಳಗಿನ ಪದರು ಎಲ್ಲಿ ಜರುಗಿದೆ ಎಂದು ಹುಡುಕುತ್ತಿದ್ದಳು. ಬೇರೆ ಹೆಂಗಸೇ? ಇದ್ದರೆ ಅಳಬಹುದಿತ್ತು, ಜಗಳವಾಡಬಹುದಿತ್ತು. ಆದರೆ ಈ ಸಲ ಅವನು ಮನೆಯಲ್ಲಿದ್ದಷ್ಟು ಹೊತ್ತು ಐದೂ ನಮಾಜಿಗೆ ಮಸೀದಿಗೆ ಹೋಗಿದ್ದ. ಮೊದಲು ಶುಕ್ರವಾರವೂ ಎಬ್ಬಿಸಿ ಕಳಿಸಬೇಕಾಗುತ್ತಿತ್ತು. ಬೇರೆ ಹೆಂಗಸಿನ ಮನೆಯಿಂದ ಬಂದವನು ಹೀಗೆ ಮಾಡುತ್ತಾನೆಯೇ, ಮಾಲು ಇಳಿಸಿದವನು ಮಾಡುತ್ತಾನೆಯೇ, ಅವಳಿಗೆ ತಿಳಿಯಲಿಲ್ಲ. ಒಂದು ಮಾತ್ರ ತಿಳಿದಿತ್ತು. ಹೊಳೆಯ ಮಾತು ಸುಳ್ಳಾದರೆ ಆ ಲಾಂಚಿಗೆ ತಮ್ಮನನ್ನು ಕಳಿಸುವುದಿಲ್ಲ.

ಈ ಸಲ ಹದಿನೈದು ದಿನ ತುಂಬಲೂ ಇಲ್ಲ. ಮನ್ಸೂರನನ್ನು ಕರೆದೊಯ್ಯಲು ಶೌಕತ ಬುಧವಾರವೇ ಬಂದ. ಶುಕ್ರವಾರ ಮಧ್ಯಾಹ್ನ ಲಾಂಚು ಹೊರಡುವುದಿತ್ತು.

ಶಿವಗಂಗವ್ವ ಕಟ್ಟೆಯ ಮೇಲಿಂದಲೇ ಅಡ್ಡ ಬಂದಳು. “ಶುಕ್ರವಾರ ಅವರಾತ್ರಿ ಅಮಾಸಿ. ಅಮಾಸಿ ದಿನ ಹುಡುಗನ್ನ ಹೊಸಾ ಕೆಲಸಕ್ಕ ಹಚ್ತೀರೇನು?”

“ನಮಗ ಅಮಾಸಿ ಇಲ್ಲಕ್ಕಾ,” ಎಂದ ಮನ್ಸೂರ.

“ನಿಮಗಿಲ್ಲದಿದ್ರ ಏನಾತು, ಸಮುದ್ರಕ್ಕ ಐತಿ,” ಎಂದಳು ಅವಳು.

ರಹೀಮುನ್ನಿಸಾ ಟ್ರಂಕಿನಿಂದ ಬುರ್ಖಾ ತೆಗೆದು ಝಾಡಿಸುತ್ತಿದ್ದಳು. “ನಾನೂ ಬರ್ತೇನಿ,” ಎಂದಳು. “ತಮ್ಮ ಇರೂ ಜಾಗಾ ನೋಡಿ ಬರ್ತೇನಿ. ಹೊಳಿನೂ ನೋಡ್ತೇನಿ.”

ಮದೀನಾಬಿ, “ಹೆಣ್ಣಮಕ್ಕಳು ಲಾಂಚು ನೋಡಾಕ ಹೋಗ್ತಾರೇನು?” ಎಂದು ಶುರು ಮಾಡಿದರು. ಆಮೇಲೆ ಮಗನ ಮುಖ ನೋಡಿ, ಏನನ್ನಿಸಿತೋ, “ಹೋಗಿ ಬರ್ಲಿ ಬಿಡು,” ಎಂದು ಎಲೆ ಅಡಿಕೆ ಬಾಯಿಗೆ ಹಾಕಿಕೊಂಡರು.

*

ಜೋಯಿಡಾ ದಾಟಿ ಅಣಶಿಯ ಕಾಡಿನೊಳಗೆ ಬಸ್ಸು ಇಳಿಯುವಾಗ ಮನ್ಸೂರ ಎರಡು ಸಲ ವಾಂತಿ ಮಾಡಿಕೊಂಡ. “ಸಮುದ್ರದ ಮ್ಯಾಲ ಏನ ಮಾಡ್ತೀಯೋ,” ಎಂದು ಶೌಕತ ಬೆನ್ನು ಸವರಿದ. ಕೋಡಿಬಾಗದಲ್ಲಿ ಬಲೆ ಹೆಣೆಯುವ ಮುದುಕಿಯೊಬ್ಬಳ ಮನೆಯ ಪಡಸಾಲೆಯಲ್ಲಿ ರಾತ್ರಿ ಕಳೆದರು. ಶುಕ್ರವಾರ ಬೆಳಿಗ್ಗೆ ಚಹಾ ಕುಡಿದು, ಸದಾಶಿವಗಡಕ್ಕೆ ಜನರನ್ನು ದಾಟಿಸುವ ದೋಣಿಕಟ್ಟೆಗೆ ಮೂವರೂ ಬಂದರು.

ಅಲ್ಲಿ ಕಾಳಿ ಹೊಳೆ ಅವಳಿಗೆ ಗುರುತೇ ಸಿಗಲಿಲ್ಲ. ಆ ದಂಡೆಯ ಮನುಷ್ಯರು ಇರುವೆಯಷ್ಟು ಕಾಣುತ್ತಿದ್ದರು. ಎಡಗಡೆ ಹೊಳೆ ಬಾಯಿ ತೆರೆದಲ್ಲಿ ಆಕಾಶಕ್ಕೂ ನೀರಿಗೂ ನಡುವೆ ಗೆರೆ ಇರಲಿಲ್ಲ. ಬಲಗಡೆ, ತಾನು ಬಂದ ಕಡೆ, ನೀಲಿ ಗುಡ್ಡಗಳು.

“ನೋಡು,” ಎಂದ ಶೌಕತ.

ಕಟ್ಟೆಯ ಮೆಟ್ಟಿಲ ಹತ್ತಿರ ಒಂದು ತೆಂಗಿನ ಸಿಪ್ಪೆ ತೇಲುತ್ತಿತ್ತು. ಅದು ಸಮುದ್ರಕ್ಕೆ ಹೋಗಲಿಲ್ಲ. ಗುಡ್ಡದ ಕಡೆ ಹೊರಟಿತು. ಅದರ ಹಿಂದೆ ಒಣ ಎಲೆಗಳು, ನೊರೆಯ ಒಂದು ಪಟ್ಟಿ, ಮುರಿದ ಬುಟ್ಟಿ. ಎಲ್ಲವೂ ಸಾಲು ಹಿಡಿದು, ಅವಸರವಿಲ್ಲದೆ, ಜೋಯಿಡಾದ ದಿಕ್ಕಿಗೆ. ಅಡಿಯ ಮೆಟ್ಟಿಲೊಂದು ಅವಳು ನೋಡುತ್ತಿದ್ದಂತೆ ಮುಳುಗಿತು. ಅವಳು ಮೂಗಿನ ಮೇಲಿನ ಬಟ್ಟೆ ಸರಿಸಿ ಬಗ್ಗಿ ನೀರಿಗೆ ಕೈ ಇಟ್ಟಳು. ಬೆರಳುಗಳ ಸಂದಿಯಿಂದ ನೀರು ಹಿಂದಕ್ಕೆ ಹೋಯಿತು. ನಾಲಿಗೆಗೆ ಹಚ್ಚಿದಳು, ಉಪ್ಪು.

ನಾಚಿಕೆಯಿಂದ ಅವಳ ಕಿವಿ ಬಿಸಿಯಾಯಿತು. ಇಷ್ಟು ದಿನ ಈ ಮನುಷ್ಯನನ್ನು ಕಳ್ಳನೆಂದೆ, ಸುಳ್ಳನೆಂದೆ, ಹೊಳೆಯ ದಂಡೆಯ ಮೇಲೆ ಹತ್ತು ಹೆಂಗಸರ ನಗೆಗೆ ಕೊಟ್ಟೆ.

“ಶಿವಗಂಗಕ್ಕನ ಅತ್ತಿ ಕಾಣ್ತಾಳೇನ ನೋಡು ಆಪಾ,” ಎಂದ ಮನ್ಸೂರ; ದಂಡೆಯ ಆ ನಗೆ ಓಣಿಗೆಲ್ಲ ಮುಟ್ಟಿತ್ತು. ಅವಳಿಗೂ ನಗು ಬಂತು. ಶೌಕತನೂ ನಕ್ಕ. ಎಷ್ಟೋ ದಿನಗಳ ಮೇಲೆ ಅವನ ನಗು ಕಂಡದ್ದು.

“ಆ ನಕಾಶಿ ತೋರಿಸ್ರಿ,” ಎಂದಳು. “ನನಗೂ ಹೇಳಿಕೊಡ್ರಿ.”

ಅವನು ಹುರುಪಿನಿಂದಲೇ ಮೇಣಗಪ್ಪಡ ಬಿಚ್ಚಿ ಕಟ್ಟೆಯ ಮೇಲೆ ಹರವಿದ. ಗಾಳಿಗೆ ಹಾರದಂತೆ ಮನ್ಸೂರ ಒಂದು ತುದಿಗೆ ಕಲ್ಲಿಟ್ಟ.

“ಒಂದ ಹಾಳಿ ಅಂದ್ರ ಒಂದ ತಾಸಿನ ನೀರು. ನಮ್ಮ ಗಡಿಯಾರದ ತಾಸಲ್ಲ, ನೀರಿನ ತಾಸು. ಇದ ನಡುವಿನ ಹಾಳಿ ನೋಡು, ಬಾಣನ ಇಲ್ಲ. ನೀರು ಪೂರ್ತಿ ತುಂಬಿ ನಿಂತ ಹೊತ್ತು. ಭರತಿ ಅಂತಾರ. ಅದರ ಹಿಂದಿನ ಆರು ಹಾಳಿಯಾಗ ನೀರು ಒಳಗ ಬರ್ತೈತಿ, ಮುಂದಿನ ಆರರಾಗ ಹೊರಗ ಹೋಗ್ತೈತಿ. ಬಾಣ ದಪ್ಪ ಇದ್ದಲ್ಲಿ ಸೆಳವು ಜೋರು. ಇವತ್ತ ಭರತಿ ಎಷ್ಟಕ್ಕ ಅಂತ ಗೊತ್ತಾದ್ರ, ಯಾವ ಹಾಳಿ ನೋಡಬೇಕಂತ ತಿಳೀತೈತಿ.”

“ಒಳಗ ಬರೂದು ಯಾವಾಗ ಚಲೋ?”

“ಇಂಥಾ ಹೊತ್ತಿನ್ಯಾಗ. ನೀರ ನಮ್ಮನ್ನ ಒಳಗ ಕರಕೊಂಡ ಬರ್ತೈತಿ. ಹೊರಗ ಹೋಗಾಕ, ತುಂಬಿ ನಿಂತಾಗ. ಅದಕ್ಕ ಇವತ್ತ ಮಧ್ಯಾಹ್ನ ಬಿಡ್ತೇವಿ. ನೀರು ಹೊರಗ ಓಡಾಕ ಹತ್ತಿದಾಗ ಮಾತ್ರ ಬಾಯಿಗಿ ಬರಬಾರದು. ಹೊರಗಿಂದ ತೆರಿ, ಒಳಗಿಂದ ಸೆಳವು, ಕೆಳಗ ಮರಳ ದಿಬ್ಬ. ಮೂರೂ ಕೂಡಿದ್ರ ನೀರು ಗ್ವಾಡಿಯಾಗಿ ಏಳ್ತೈತಿ.”

“ದಿನಾ ಮಧ್ಯಾಹ್ನನ ತುಂಬತೈತೇನು?” ಎಂದು ಕೇಳಿದ ಮನ್ಸೂರ.

“ಇಲ್ಲೋ. ದಿನಾ ಒಂದೀಟು ತಡ ಆಗ್ತೈತಿ. ಚಂದ್ರನ ಲೆಕ್ಕ. ಎಂಟ ದಿನಕ್ಕ ತಿರುವುಮುರುವು ಆಗಿ, ಹದಿನೈದು ದಿನಕ್ಕ ಮತ್ತ ಅದ ಹೊತ್ತಿಗಿ ಬಂದ ನಿಲ್ತೈತಿ. ಹುಣ್ಣಿಮಿ ನೀರು, ಅಮಾಸಿ ನೀರು ಒಂದ. ಮುಂಜಾನಿ ಒಳಗ, ಮಧ್ಯಾಹ್ನ ತುಂಬತೈತಿ, ಆಮ್ಯಾಲ ಹೊರಗ. ಅವೆರಡ ದಿನದಾಗ ಸೆಳವೂ ಭಾಳ.”

ರಹೀಮುನ್ನಿಸಾ ಹಾಳೆಯಿಂದ ಕಣ್ಣೆತ್ತಿ ಹೊಳೆಯ ಕಡೆ ನೋಡಿದಳು. ತೆಂಗಿನ ಸಿಪ್ಪೆ ಬಹಳ ದೂರ, ಗುಡ್ಡದ ಕಡೆ, ಚುಕ್ಕಿಯಾಗಿತ್ತು.

ಇವತ್ತು ಅಮಾವಾಸ್ಯೆ. ಆ ಶುಕ್ರವಾರ ಬನದ ಹುಣ್ಣಿಮೆ. ಶಿವಗಂಗವ್ವ ಹೋಳಿಗೆ ತಂದುಕೊಟ್ಟಿದ್ದಳು, ನಾನು ಎರಡು ಸಲ ತಲೆ ಬಾಚಿಕೊಂಡಿದ್ದೆ.

“ಹಂಗಂದ್ರ,” ಎಂದಳು ನಿಧಾನವಾಗಿ, “ಆ ಶುಕ್ರವಾರ ಮುಂಜಾನೆನೂ ನೀರು ಒಳಗ ಬರ್ತಿತ್ತು.”

ಶೌಕತನ ಬೆರಳು ಹಾಳೆಯ ಮೇಲೆ ಇದ್ದಲ್ಲೇ ನಿಂತಿತು.

“ನೀರು ಹೊರಗ ನುಗ್ಗಾಕತ್ತಿತ್ತು, ಒಳಗ ಬರಾಕ ಆಗಲಿಲ್ಲ ಅಂದ್ರಿ. ಮುಂಜಾನೆ ಅಂದ್ರಿ. ಇವತ್ತಿನಂಥಾದ ದಿನ ಅದು.”

ಗಾಳಿಗೆ ಒಂದು ಹಾಳೆ ಎದ್ದು ಬಡಿಯಿತು. ಯಾರೂ ಹಿಡಿಯಲಿಲ್ಲ. ಮನ್ಸೂರ ಅಕ್ಕನ ಮುಖವನ್ನೂ ಭಾವನ ಮುಖವನ್ನೂ ನೋಡಿದ. ಅವನ ತಮಾಷೆ ಇಳಿದು ಹೋಗಿತ್ತು.

ಹೊಳೆ ಹಿಂದಕ್ಕೆ ಹರಿಯುತ್ತದೆ ಎಂಬುದು ನಿಜ. ನಿಜದ ಒಳಗೇ ಸುಳ್ಳನ್ನು ಇಟ್ಟಿದ್ದ. ಅವಳಿಗೆ ಎಲ್ಲಕ್ಕಿಂತ ಚುಚ್ಚಿದ್ದು ಅದನ್ನು ಅವನು ಎಷ್ಟು ಸಡಿಲವಾಗಿ ಹೊಲಿದಿದ್ದನೆಂಬುದು. ಇವಳಿಗೆ ಇದು ಎಂದೂ ತಿಳಿಯುವುದಿಲ್ಲ ಎಂಬ ಧೈರ್ಯದಿಂದ ದಿನಕ್ಕೆ ಹೊತ್ತನ್ನೂ ಸರಿ ಹೊಂದಿಸಿರಲಿಲ್ಲ.

“ಈ ಗುರುತು ಏನು?” ಎಂದು ಪೆನ್ಸಿಲ್ಲಿನ ಕತ್ತರಿಯ ಮೇಲೆ ಬೆರಳಿಟ್ಟಳು. “ಏನ ಇಳಿಸಿದ್ರಿ ಇಲ್ಲೆ?”

“ಇಳಿಸಿದ್ದಲ್ಲ.” ಅವನು ಹಾಳೆಯಿಂದ ಕೈ ತೆಗೆದ. “ಹುಡಿಕಿದ್ದು.”

“ಏನನ್ನ?”

“ಇನಾಸನ್ನ.”

ಆಮೇಲೆ ಅವನು ಹೇಳಿದ. ಹೊಳೆಯನ್ನು ನೋಡುತ್ತ ಹೇಳಿದ. ಶುಕ್ರವಾರವಲ್ಲ, ಅದರ ಹಿಂದಿನ ದಿನ, ಗುರುವಾರ ಮಧ್ಯಾಹ್ನದ ಮೇಲೆ. ಬಲೆ ತುಂಬ ಮೀನಿತ್ತು. ದಂಡೆಯಲ್ಲಿ ಸಾವುಕಾರನ ಐಸಿನ ಲಾರಿ ಕಾಯುತ್ತಿತ್ತು. ಕತ್ತಲಾಗುವವರೆಗೆ ಹೊರಗೆ ನಿಲ್ಲಬೇಕೆಂದು ನಕಾಶೆ ಹೇಳುತ್ತಿತ್ತು, ಆ ಹಾಳೆಯಲ್ಲಿ ಬಾಣಗಳು ಹೆಬ್ಬೆರಳಿನಷ್ಟು ದಪ್ಪ.

“ತಾಂಡೇಲಗ ಹೇಳ್ದೆ,” ಎಂದ. ತಾಂಡೇಲ ಎಂದರೆ ಲಾಂಚು ನಡೆಸುವ ಮುಖ್ಯಸ್ಥ. “ಲಾರಿ ಹೋದ್ರ ಸಾವುಕಾರ ಚರ್ಮಾ ಸುಲೀತಾನ ಅಂದ. ನಾ ಎರಡನೇ ಸಲ ಹೇಳಲಿಲ್ಲ. ಅವ ಜೋರ ಬಿಡು ಅಂತ ಗಂಟಿ ಹೊಡದ, ನಾ ಇಂಜಿನ್ ಪೂರ್ತಿ ಬಿಟ್ಟೆ. ಬಾಯಾಗ ಬಂದಾಗ ಲಾಂಚು ಎದ್ದು ನಿಂತ್ತು. ಇನಾಸ ಮುಂದ ಹಗ್ಗಾ ಹಿಡಕೊಂಡ ನಿಂತಿದ್ದ. ನಾ ಮ್ಯಾಲ ಬಂದ ನೋಡೂದ್ರಾಗ ಹಗ್ಗ ಅಷ್ಟ ಇತ್ತು.”

ಮನ್ಸೂರ ನಿಂತಲ್ಲಿಂದ ಒಂದು ಹೆಜ್ಜೆ ಹಿಂದೆ ಸರಿದ.

“ಶುಕ್ರವಾರ, ಶನಿವಾರ ಹುಡಿಕಿದ್ವಿ. ಹೊರಗ ಹೋದ ನೀರು ಒಳಗ ಬರೂಮುಂದ ಎಲ್ಲಿ ತಂದ ಬಿಡತೈತಿ ಅಂತ ಬಾಣ ನೋಡಿ ಗುರುತು ಹಾಕಿದೆ. ಎಲ್ಲಾ ಕಡೆ ಕೊಕ್ಕಿ ಕಟ್ಟಿ ಹಗ್ಗ ಎಳದೆ. ಎಲ್ಲಾ ಬಂದ್ವು. ಕಟ್ಟಿಗಿ ಬಂತು, ಬಲಿ ಬಂತು. ಅವ ಬರಲಿಲ್ಲ.”

ಅವಳಿಗೆ ಆ ಅಂಗೈಗಳು ನೆನಪಾದವು. ಸಾರಿನಲ್ಲಿ ರೊಟ್ಟಿ ಅದ್ದುತ್ತಿದ್ದ ಕೈಗಳು.

“ಗೋವಾಕ್ಕ ಹೋದ ಅಂತ ಯಾರ ಹೇಳಿದ್ರು?”

“ಸಾವುಕಾರ ಹಂಗ ಹೇಳ್ರಿ ಅಂದ. ಪೊಲೀಸ್ರು ಬಂದ್ರ ಲಾಂಚು ನಿಲ್ಲತೈತಿ, ಎಲ್ಲಾರ ಹೊಟ್ಟಿ ಮ್ಯಾಲ ಬರ್ತೈತಿ ಅಂದ. ಜಾಗಾ ಖಾಲಿ ಇದ್ರ ಬಂದರದ ದಕ್ಕಿ ಮ್ಯಾಲ ಜನ ಕೇಳ್ತಾರ, ನಿಮ್ಮ ಪೈಕಿ ಒಬ್ಬವನ್ನ ತಂದ ನಿಂದ್ರಸು ಅಂದ.”

“ಅದಕ್ಕ ನನ್ನ ತಮ್ಮನ್ನ ತಂದ್ರಿ.”

“ನನ್ನ ಹಂತ್ಯಾಕ, ಇಂಜಿನ್ ರೂಮಿನ್ಯಾಗ ಇಟ್ಕೋತಿದ್ದೆ ರಹೀಮಾ. ಮುಂದ ನಿಂದ್ರಸ್ತಿರಲಿಲ್ಲ.”

“ಅಕ್ಕ ಇಲ್ಲದ ಇನಾಸನ್ನ ಆದ್ರ ಮುಂದ ನಿಂದ್ರಸಬಹುದೇನು?”

ನೀರು ಇನ್ನೊಂದು ಮೆಟ್ಟಿಲು ಏರಿತು. ಅವಳು ಹಾಳೆಗಳನ್ನು ಒಂದೊಂದಾಗಿ ಎತ್ತಿ, ಅಂಚು ಕೂಡಿಸಿ, ಮೇಣಗಪ್ಪಡದಲ್ಲಿ ಸುತ್ತಿ ಅವನ ಕೈಗೆ ಕೊಟ್ಟಳು. ಈ ನಕಾಶೆ ಸುಳ್ಳೆಂದು ಅವಳು ಇಷ್ಟು ದಿನ ಅಂದುಕೊಂಡಿದ್ದಳು. ಸುಳ್ಳು ಹೇಳದೆ ಇದ್ದದ್ದು ಅದೊಂದೇ. ಅದು ಹೇಳಿದ್ದನ್ನು ಎರಡನೇ ಸಲ ಹೇಳುವ ಬಾಯಿ ಇರಲಿಲ್ಲ, ಅಷ್ಟೆ.

“ಮನ್ಸೂರ, ಟ್ರಂಕ್ ತಗೊಂಡ ಬಾ,” ಎಂದಳು. “ಮನಿಗಿ ಹೋಗೂಣು.”

ಅವನು ಮುದುಕಿಯ ಮನೆಯ ಕಡೆ ಓಡಿದ.

“ನೀವು?” ಎಂದು ಗಂಡನಿಗೆ ಕೇಳಿದಳು. “ಮಧ್ಯಾಹ್ನ ಲಾಂಚು ಬಿಡತೈತಿ. ಬಸ್ಸೂ ಬಿಡತೈತಿ. ಲಾಂಚು ಹತ್ತಿದ್ರ ನಾ ಏನೂ ಅನ್ನೂದಿಲ್ಲ. ಆದ್ರ ನಾ ದಾಂಡೇಲಿಯಾಗ ಇಳಿಯೂದಿಲ್ಲ, ಹಳಿಯಾಳಕ್ಕ ಹೋಗ್ತೇನಿ. ಮರಿಯಾಗ ನಾನ ಹೇಳ್ತೇನಿ. ನೀವ ಬಂದ್ರ ನೀವ ಹೇಳ್ರಿ.”

“ಕೆಲಸ ಹೋಗ್ತೈತಿ. ಪೊಲೀಸ್ರ ತನ ಹೋಗ್ತೈತಿ ಮಾತು.”

“ಹೋಗ್ಲಿ.”

ಬಸ್ಸಿನಲ್ಲಿ ಅವಳು ಕಿಟಕಿಯ ಪಕ್ಕ ಕೂತು, ಪಕ್ಕದ ಸೀಟಿನ ಮೇಲೆ ಚೀಲ ಇಟ್ಟಿದ್ದಳು. ಕಂಡಕ್ಟರ್ ಸೀಟಿ ಊದುವವರೆಗೂ ಅದನ್ನು ತೆಗೆಯಲಿಲ್ಲ. ಬಸ್ಸು ಜರುಗತೊಡಗಿದ ಮೇಲೆ ಯಾರೋ ಬಾಗಿಲಿನ ಸರಳು ಹಿಡಿದು ಹತ್ತಿದರು. ಶೌಕತ ಬಂದು ಅವಳ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೂತ. ಅವನು ಬಂದದ್ದು ಮರಿಯಾಳಿಗಾಗಿಯೋ, ತನಗೆ ಹೆದರಿಯೋ, ದಾಂಡೇಲಿ ಬಂದ ಕೂಡಲೇ ಇಳಿದುಬಿಡುತ್ತಾನೋ ಎಂದು ಅವಳು ಓರೆಗಣ್ಣಿನಿಂದ ನೋಡುತ್ತಲೇ ಇದ್ದಳು. ದಾಂಡೇಲಿಯಲ್ಲಿ ಮನ್ಸೂರ ಟ್ರಂಕ್ ಹೊತ್ತು ಮನೆಗೆ ನಡೆದ; ಇವರಿಬ್ಬರೂ ಸ್ಟ್ಯಾಂಡಿನಲ್ಲೇ ಹಳಿಯಾಳದ ಬಸ್ಸಿಗೆ ಕಾದರು. ಅಲ್ಲಿಂದ ಮುಂದೆ ಸಂಜೆಯ ಬಸ್ಸು ಸಿಗಲಿಲ್ಲ. ಗಂಡ ಹೆಂಡತಿ ಹಳಿಯಾಳದ ಬಸ್ಸು ಹತ್ತಿದ್ದು ಮರುದಿನ ಬೆಳಿಗ್ಗೆ. ರಾತ್ರಿಯೆಲ್ಲ ಅವನು ಮನೆಯಲ್ಲಿ ಅಂಗಿ ಕಳಚದೆ ಕೂತಿದ್ದ.

*

ಹಳಿಯಾಳದಿಂದ ಕಬ್ಬಿನ ಗದ್ದೆಗಳ ನಡುವೆ ನಡೆದು ಹೋದರೆ ಇನಾಸನ ಊರು. ಮರಿಯಾ ಕಬ್ಬು ಕಡಿಯಲು ಹೊರಟವಳು, ಕೈಯಲ್ಲಿ ಕೊಯ್ತ ಹಿಡಿದು ಅಂಗಳದಲ್ಲಿ ನಿಂತಿದ್ದಳು. ಗಟ್ಟಿಮುಟ್ಟಾದ, ಚಿಕ್ಕ ವಯಸ್ಸಿನ ಹೆಂಗಸು. ಇವರನ್ನು ಕಂಡದ್ದೇ ಮುಖ ಬಿಗಿಯಿತು.

“ಬರ್ರಿ ಭಾಯ್,” ಎಂದಳು. “ಬರ್ರಿ ಭಾಬಿ. ನಿಮ್ಮ ಸುದ್ದಿ ಮುಟ್ಟೈತಿ.”

“ಯಾವ ಸುದ್ದಿ?” ಎಂದಳು ರಹೀಮುನ್ನಿಸಾ.

“ಭಾಯ್ ಅವರು ಕಂಡಕ್ಟರ್ ಕಡೆ ಹೇಳಿ ಕಳಿಸಿದ್ರಲ್ಲ, ಗೋವಾಕ್ಕ ಹೋಗ್ಯಾನಂತ.”

ರಹೀಮುನ್ನಿಸಾ ಗಂಡನ ಕಡೆ ತಿರುಗಿದಳು. ಇದನ್ನು ಅವನು ಹೇಳಿರಲಿಲ್ಲ. ಮೀನಿನ ಗಂಟು ಹೋಗುತ್ತಿದ್ದ ದಾರಿಯಲ್ಲೇ ಈ ಮಾತೂ ಹೋಗಿತ್ತು. ಇನ್ನೂ ಎಷ್ಟು ಪದರು ಇವೆಯೋ.

ಮರಿಯಾಳ ದನಿ ಒಡೆದಿರಲಿಲ್ಲ, ಗಟ್ಟಿಯಾಗಿತ್ತು. “ನಂಗ ಗೊತ್ತಾತು ಭಾಬಿ. ಗಂಟು ನಿಂತಾಗನ ಗೊತ್ತಾತು. ಯಾವಾಕಿನ್ನ ಇಟ್ಕೊಂಡಾನ? ನೀವು ದೂರದಿಂದ ಬಂದೀರಿ, ಮುಚ್ಚಬ್ಯಾಡ್ರಿ. ಹೆಸರಷ್ಟ ಹೇಳ್ರಿ. ಜಗಳ ಮಾಡೂದಿಲ್ಲ, ಒಂದ ಸಲ ಹೋಗಿ ಆಕಿ ಮುಖ ನೋಡಿ ಬರ್ತೇನಿ.”

ಆ ಮುಖದಲ್ಲಿ ರಹೀಮುನ್ನಿಸಾ ತನ್ನ ಆ ಹನ್ನೆರಡು ದಿನಗಳನ್ನು ಕಂಡಳು. ಆ ಸಿಟ್ಟು ಎಷ್ಟು ದೊಡ್ಡ ಆಸರೆಯಾಗಿತ್ತೆಂದು ಈಗ ತಿಳಿಯಿತು. ಗಂಡ ಬೇರೊಬ್ಬಳ ಮನೆಯಲ್ಲಿದ್ದಾನೆಂದರೂ ಎಲ್ಲೋ ಒಂದು ಕಡೆ ಇದ್ದಾನೆ. ಅದನ್ನು ಈ ಹುಡುಗಿಯಿಂದ ಕಸಿದುಕೊಳ್ಳಲು ನಾವು ಬಂದಿದ್ದೇವೆ.

ಶೌಕತ ತಲೆಯ ಮೇಲಿನ ಟೋಪಿ ತೆಗೆದ. “ತಂಗೀ, ಆವತ್ತ ನೀರು…” ಎಂದು ಶುರು ಮಾಡಿದ.

“ನೀರಿನ ಮಾತು ಆಮ್ಯಾಲ,” ಎಂದಳು ರಹೀಮುನ್ನಿಸಾ. “ಮೊದಲ ಇನಾಸಂದು ಹೇಳ್ರಿ. ಆಮ್ಯಾಲ ನಿಮ್ಮದು.”

ಮರಿಯಾ ಒಬ್ಬರ ಮುಖದಿಂದ ಇನ್ನೊಬ್ಬರ ಮುಖಕ್ಕೆ ನೋಡಿದಳು. ಕೈಯಲ್ಲಿದ್ದ ಕೊಯ್ತವನ್ನು ಸದ್ದಾಗದಂತೆ ಕೆಳಗಿಟ್ಟಳು.